ಹೆಸರು ಹೊಂದಿದರೆ ಸಾಲದು: ಥಾಮಸ್ ಲಿಂಕನ್‌ನ ಪೂರ್ವಜರನ್ನು ಹುಡುಕಿದ ದಾರಿ

ಇವತ್ತಿನ ಮಾತು ಥಾಮಸ್ ಲಿಂಕನ್ ಎಂಬ ಬಡಗಿಯನ್ನು ಕುರಿತದ್ದು. ಬಡಗಿ ಕೆಲಸದ ಜತೆಗೆ ಬೇಸಾಯವನ್ನೂ ಮಾಡಿಕೊಂಡಿದ್ದವನು. 1778ರಲ್ಲಿ ವರ್ಜೀನಿಯದಲ್ಲಿ ಹುಟ್ಟಿ, ಕೆಂಟಕಿಯಲ್ಲಿ ಬೆಳೆದು, 1816ರಲ್ಲಿ ಇಂಡಿಯಾನಾಕ್ಕೂ 1830ರಲ್ಲಿ ಇಲಿನಾಯ್‌ಗೂ ಸಂಸಾರ ಸಮೇತ ಹೋದ. 1851ರ ಜನವರಿಯಲ್ಲಿ ಇಲಿನಾಯ್‌ನ ಕೋಲ್ಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ತೀರಿಕೊಂಡ. ಹೊಸ ನೆಲ ಅರಸಿ ಪಶ್ಚಿಮಕ್ಕೆ ಸರಿಯುತ್ತ ಹೋದ ಲಕ್ಷಾಂತರ ಜನರಲ್ಲಿ ಅವನೂ ಒಬ್ಬ. ಮಗ ಅಬ್ರಹಾಂ ಅಮೆರಿಕದ ಅಧ್ಯಕ್ಷನಾದ್ದರಿಂದ ಈ ಮನೆತನದ ಕಾಗದಪತ್ರಗಳನ್ನು ಜನ ತಲೆಮಾರುಗಳ ಕಾಲ ಜಾಲಾಡಿದ್ದಾರೆ. ಹುಡುಕಾಟ ಎಲ್ಲಿ ತಪ್ಪಿತು, ಯಾವ ಕಾಗದದಿಂದ ಗಂಟು ಬಿಚ್ಚಿತು ಎಂಬುದು ಹೆಜ್ಜೆಹೆಜ್ಜೆಗೂ ಗೊತ್ತಿರುವುದರಿಂದ, ಹತ್ತೊಂಬತ್ತನೇ ಶತಮಾನದ ಯಾವುದೇ ವಲಸಿಗನ ವಂಶಾವಳಿ ಹುಡುಕುವವರು ಇದನ್ನು ಮೊದಲು ನೋಡುವುದು ಒಳ್ಳೆಯದು.

ಸ್ವತಃ ಅಬ್ರಹಾಂ ಲಿಂಕನ್ ಈ ಹುಡುಕಾಟಕ್ಕೆ ಕೈಹಾಕಿದ್ದ. 1848ರ ಮಾರ್ಚ್‌ನಲ್ಲಿ, ಸಂಸತ್ ಸದಸ್ಯನಾಗಿದ್ದಾಗ, ಮ್ಯಾಸಚೂಸೆಟ್ಸ್‌ನ ಹಿಂಗಮ್ ಊರಿನ ಸಾಲೊಮನ್ ಲಿಂಕನ್ ಎಂಬವನಿಗೆ ಪತ್ರ ಬರೆದು ತನಗೆ ತಿಳಿದದ್ದನ್ನೆಲ್ಲ ಹೇಳಿದ. ಅಪ್ಪ ಥಾಮಸ್. ಅಜ್ಜ ಅಬ್ರಹಾಂ, ವರ್ಜೀನಿಯದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ 1782ರ ಸುಮಾರಿಗೆ ಕೆಂಟಕಿಗೆ ಹೋದವನು, ಎರಡು ವರ್ಷದ ಮೇಲೆ ಮೂಲನಿವಾಸಿಗಳ ಕೈಯಲ್ಲಿ ಸತ್ತವನು. ಮುತ್ತಜ್ಜ ಪೆನ್ಸಿಲ್ವೇನಿಯದಿಂದ ಬಂದ, ಕ್ವೇಕರ್ ಎಂಬ ಕ್ರೈಸ್ತ ಪಂಥದವನಂತೆ. ಅದಕ್ಕಿಂತ ಹಿಂದಿನದು ಕೇಳಿಲ್ಲ. 1859ರ ಡಿಸೆಂಬರಿನಲ್ಲಿ ತನ್ನ ಬದುಕಿನ ಬಗ್ಗೆ ಬರೆದುಕೊಟ್ಟ ಟಿಪ್ಪಣಿಯಲ್ಲೂ ಅಷ್ಟೇ: ಹಿಂಗಮ್ ಕಡೆಯ ಲಿಂಕನ್‌ರ ಜತೆ ಸಂಬಂಧ ಜೋಡಿಸುವ ಪ್ರಯತ್ನದಲ್ಲಿ ಈನಕ್, ಲೀವೈ, ಮಾರ್ಡಕೈ, ಸಾಲೊಮನ್, ಅಬ್ರಹಾಂ ಎಂಬ ಹೆಸರುಗಳು ಎರಡೂ ಮನೆತನಗಳಲ್ಲಿವೆ ಎಂಬುದಕ್ಕಿಂತ ಹೆಚ್ಚೇನೂ ಸಿಗಲಿಲ್ಲ ಎಂದಿದ್ದಾನೆ.

ಅವನು ವಕೀಲ. ಸಾಕ್ಷಿ ಇಲ್ಲದ ಕಡೆ ನಿಂತ, ಮುಂದೆ ಹೋಗಲಿಲ್ಲ. ಇವತ್ತು ಇಂಟರ್ನೆಟ್ಟಿನಲ್ಲಿ ಸಿಗುವ ವಂಶವೃಕ್ಷಗಳಲ್ಲಿ ಬಹುಪಾಲು ಇದೇ ಜಾಗದಲ್ಲಿ ಎಡವುತ್ತವೆ. ಹೆಸರು ಹೊಂದಿತು, ಕಾಲ ಹೆಚ್ಚುಕಡಿಮೆ ಹೊಂದಿತು, ಗೆರೆ ಎಳೆದು ಜೋಡಿಸಿಬಿಟ್ಟರು. ಹಿಂಗಮ್ ಊರನ್ನೇ ತೆಗೆದುಕೊಳ್ಳಿ. ಊರು ಕಟ್ಟಿದ ಮೊದಲ ವರ್ಷಗಳಲ್ಲಿ ಅಲ್ಲಿ ನಾಲ್ಕು ಜನ ಥಾಮಸ್ ಲಿಂಕನ್‌ರಿದ್ದರು. ಊರಿನ ದಾಖಲೆ ಬರೆದವರೇ ಅವರನ್ನು ನೇಕಾರ ಥಾಮಸ್, ಗಿರಣಿ ಥಾಮಸ್, ಪೀಪಾಯಿ ಮಾಡುವ ಥಾಮಸ್, ಬೇಸಾಯದ ಥಾಮಸ್ ಎಂದು ಬೇರೆ ಮಾಡಿ ಬರೆಯಬೇಕಾಯಿತು. ಕಸುಬಿನ ಆ ಒಂದು ಮಾತನ್ನು ನಕಲು ಮಾಡುವಾಗ ಬಿಟ್ಟರೆ ನಾಲ್ಕು ಸಂಸಾರಗಳು ಒಂದಾಗಿಬಿಡುತ್ತವೆ.

ಹುಡುಕಾಟವನ್ನು ಸಾವಿನಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. ಆದರೆ 1840ರವರೆಗಿನ ಪಟ್ಟಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಉಳಿದವರು ವಯಸ್ಸಿನ ಕಲಮುಗಳಲ್ಲಿ ಬರೀ ಅಂಕಿಗಳು. ಸ್ವತಂತ್ರರಾಗಿದ್ದ ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬರೆದದ್ದು 1850ರಲ್ಲಿ ಮೊದಲು. ಗುಲಾಮರನ್ನು ಆಗಲೂ ಬೇರೆ ಪಟ್ಟಿಯಲ್ಲಿ, ಒಡೆಯನ ಹೆಸರಿನ ಕೆಳಗೆ, ಹೆಸರಿಲ್ಲದೆ ಎಣಿಸಿದರು. ಯಜಮಾನನಿಗೆ ಏನಾಗಬೇಕು, ತಂದೆತಾಯಿ ಹುಟ್ಟಿದ್ದೆಲ್ಲಿ ಎಂಬ ಪ್ರಶ್ನೆಗಳು ಸೇರಿದ್ದು 1880ರಲ್ಲಿ. 1890ರ ಪಟ್ಟಿಗಳು 1921ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಾದ ಬೆಂಕಿಯಲ್ಲಿ ಹಾಳಾದವು, ಉಳಿದದ್ದನ್ನೂ ಆಮೇಲೆ ನಾಶಮಾಡಿದರು. ಆದ್ದರಿಂದ 1880ಕ್ಕೂ 1900ಕ್ಕೂ ನಡುವೆ ಇಪ್ಪತ್ತು ವರ್ಷದ ಕಂದಕ ಇರುತ್ತದೆ.

ಅಂಕಿಗಳಷ್ಟೇ ಇರುವ ಪಟ್ಟಿಗಳಲ್ಲಿ ಆಗುವ ತಪ್ಪಿಗೆ ಥಾಮಸ್‌ನ ಮನೆಯೇ ಉದಾಹರಣೆ. ಮೊದಲ ಹೆಂಡತಿ ನ್ಯಾನ್ಸಿ ಹ್ಯಾಂಕ್ಸ್ 1818ರಲ್ಲಿ ಸತ್ತಳು. 1819ರ ಡಿಸೆಂಬರಿನಲ್ಲಿ ಅವನು ಮದುವೆಯಾದ ಸಾರಾ ಬುಷ್ ವಿಧವೆ. ಮೊದಲ ಗಂಡನ ಮೂವರು ಮಕ್ಕಳನ್ನು ಕರೆದುಕೊಂಡು ಬಂದಳು. ಹ್ಯಾಂಕ್ಸ್ ಕಡೆಯ ಡೆನ್ನಿಸ್ ಎಂಬ ಯುವಕನೂ ಅದೇ ಗುಡಿಸಲಿನಲ್ಲಿದ್ದ. 1820ರ ಕಲಮುಗಳನ್ನು ನೋಡಿ ಚಿಕ್ಕವರನ್ನೆಲ್ಲ ಥಾಮಸ್‌ನ ಮಕ್ಕಳೆಂದು ಎಣಿಸಿದರೆ ಮೂರು ಮನೆತನ ಒಂದಾಗುತ್ತದೆ. ಇದಕ್ಕೆ ಮದ್ದು ಒಂದು ಕೋಷ್ಟಕ. ಎಡಗಡೆ ಗೊತ್ತಿರುವ ಪ್ರತಿಯೊಬ್ಬರ ಹೆಸರು ಮತ್ತು ಹುಟ್ಟಿದ ವರ್ಷ, ಮೇಲೆ ಗಣತಿಯ ವರ್ಷಗಳು. ಪ್ರತಿ ವರ್ಷವೂ ಯಾರು ಯಾವ ಕಲಮಿನಲ್ಲಿ ಬೀಳಬೇಕು ಎಂದು ಮೊದಲು ಬರೆದು, ಆಮೇಲೆ ಪಟ್ಟಿ ತೆಗೆದು ಹೋಲಿಸಬೇಕು. ಹೆಚ್ಚಾಗಿ ಕಾಣುವ ತಲೆಗೆ ಕಾರಣ ಸಿಗುವವರೆಗೆ ಅದನ್ನು ಮಗು ಎಂದು ಬರೆಯಬಾರದು.

ಕೆಂಟಕಿಯ 1790 ಮತ್ತು 1800ರ ಗಣತಿ ಪಟ್ಟಿಗಳು ಉಳಿದಿಲ್ಲ. ಆ ಜಾಗ ತುಂಬುವುದು ಕೌಂಟಿಯ ಕಂದಾಯ ಪಟ್ಟಿ. ಇದು ಪ್ರತಿ ವರ್ಷದ್ದು, ಗಣತಿಗಿಂತ ಎಷ್ಟೋ ಮೇಲು. ಇಪ್ಪತ್ತೊಂದು ತುಂಬಿದ ಬಿಳಿಯ ಗಂಡಸರು, ಕುದುರೆ, ಜಮೀನಿನ ಎಕರೆ ಅದರಲ್ಲಿರುತ್ತವೆ. ಒಂದು ಹೆಸರು ಮೊದಲ ಸಲ ಕಾಣುವ ವರ್ಷದಿಂದ ಇಪ್ಪತ್ತೊಂದು ಕಳೆದರೆ ಹುಟ್ಟಿದ ವರ್ಷದ ಅಂದಾಜು ಸಿಗುತ್ತದೆ. ಹೆಸರು ಮಾಯವಾದ ವರ್ಷವೂ ಅಷ್ಟೇ ಮುಖ್ಯ: ಸತ್ತನೋ ಊರು ಬಿಟ್ಟನೋ ಎಂಬ ಪ್ರಶ್ನೆಗೆ ಅದೇ ವರ್ಷದ ಕ್ರಯಪತ್ರದ ಪುಸ್ತಕದಲ್ಲಿ ಉತ್ತರ ಹುಡುಕಬೇಕು.

ಈಗ ಕೌಂಟಿಯ ವಿಷಯ. ಅಮೆರಿಕದಲ್ಲಿ ಮದುವೆ, ಉಯಿಲು, ಕ್ರಯ ಎಲ್ಲವೂ ಹೆಚ್ಚಾಗಿ ಕೌಂಟಿ ಕಚೇರಿಯಲ್ಲಿ ದಾಖಲಾಗುತ್ತವೆ. ಕೌಂಟಿಗಳು ಒಡೆಯುತ್ತ ಹೋಗುತ್ತವೆ, ಆದರೆ ಹಳೆಯ ಪುಸ್ತಕಗಳು ತಾಯಿ ಕೌಂಟಿಯಲ್ಲೇ ಉಳಿಯುತ್ತವೆ. ಅಬ್ರಹಾಂ ಲಿಂಕನ್ ಹುಟ್ಟಿದ ಜಾಗ ಈಗ ಲರೂ ಕೌಂಟಿ. 1809ರಲ್ಲಿ ಅದು ಹಾರ್ಡಿನ್, ಲರೂ ಆದದ್ದು 1843ರಲ್ಲಿ. ಇಂಡಿಯಾನಾದ ಸ್ಪೆನ್ಸರ್ ಕೌಂಟಿ ರಚನೆಯಾದದ್ದು 1818ರಲ್ಲಿ, ಥಾಮಸ್ ಅಲ್ಲಿಗೆ ಬಂದ ಮೇಲೆ. ಹುಡುಕುವ ಮೊದಲು ಆ ಊರು ಯಾವ ವರ್ಷ ಯಾವ ಕೌಂಟಿಯಲ್ಲಿತ್ತು ಎಂಬ ಪಟ್ಟಿಯನ್ನು ಬರೆದಿಟ್ಟುಕೊಳ್ಳಬೇಕು.

ಥಾಮಸ್ ಮತ್ತು ನ್ಯಾನ್ಸಿಯ ಮದುವೆ ದಾಖಲೆ ಅಬ್ರಹಾಂ ಲಿಂಕನ್ ಬದುಕಿದ್ದಾಗ ಸಿಗಲೇ ಇಲ್ಲ. ಸಂಸಾರ ಮಾಡಿದ್ದು ಹಾರ್ಡಿನ್ ಕೌಂಟಿಯಲ್ಲಾದ್ದರಿಂದ ಅಲ್ಲೇ ಹುಡುಕುತ್ತಿದ್ದರು. ದಾಖಲೆ ಇಲ್ಲ ಎಂಬುದೇ ಮದುವೆ ಆಗಿಲ್ಲ ಎಂಬ ಕೊಳಕು ಮಾತಿಗೂ ಎಡೆಕೊಟ್ಟಿತು. ಕಾಗದ ಇದ್ದದ್ದು ಕೆಂಟಕಿಯದೇ ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ: 1806ರ ಜೂನ್ 10ರ ಮದುವೆ ಮುಚ್ಚಳಿಕೆ, ಜೂನ್ 12ರಂದು ಮದುವೆ ಮಾಡಿಸಿದ್ದಾಗಿ ಪಾದ್ರಿ ಜೆಸ್ಸಿ ಹೆಡ್ ಒಪ್ಪಿಸಿದ ವರದಿ. ಆ ಕಾಲದಲ್ಲಿ ಮದುವೆ ನಡೆಯುತ್ತಿದ್ದದ್ದು ಸಾಮಾನ್ಯವಾಗಿ ಹೆಣ್ಣಿನ ಕಡೆಯವರಿದ್ದ ಜಾಗದಲ್ಲಿ. ಮುಚ್ಚಳಿಕೆಯಲ್ಲಿ ಹುಡುಗನ ಜತೆ ಒಬ್ಬ ಜಾಮೀನುದಾರ ಸಹಿ ಹಾಕುತ್ತಾನೆ. ಅವನು ಬಹುಮಟ್ಟಿಗೆ ಹುಡುಗಿಯ ಅಪ್ಪ, ಅಣ್ಣ ಅಥವಾ ಪೋಷಕ. ಇಲ್ಲಿ ಸಹಿ ಹಾಕಿದವನು ರಿಚರ್ಡ್ ಬೆರ್ರಿ, ಪೋಷಕನೆಂದು ಬರೆದುಕೊಂಡಿದ್ದಾನೆ. ಹೆಣ್ಣಿನ ಕಡೆಯ ಜಾಡು ಹಿಡಿಯಬೇಕಾದವರಿಗೆ ಮದುಮಗಳ ಹೆಸರಿಗಿಂತ ಈ ಜಾಮೀನುದಾರನ ಹೆಸರಿನಿಂದಲೇ ಹೆಚ್ಚು ಉಪಯೋಗ.

ಜಮೀನಿನ ಕಾಗದಗಳಿಗೆ ಬರೋಣ. ನಿಲ್ಲಬೇಕಾದ ಜಾಗ ಇದು. ಅಮೆರಿಕದ ನೆಲವನ್ನು ಅಳೆದ ಕ್ರಮ ಎರಡು. ವರ್ಜೀನಿಯ, ಕೆಂಟಕಿ, ಪೆನ್ಸಿಲ್ವೇನಿಯಗಳಲ್ಲಿ ನಮ್ಮ ಕ್ರಯಪತ್ರದ ಚೆಕ್ಕುಬಂದಿಯ ಹಾಗೆ ಮರ, ಹಳ್ಳ, ಪಕ್ಕದವನ ಬೇಲಿ ಹೇಳಿ ಗಡಿ ಬರೆಯುತ್ತಿದ್ದರು. ದಿಕ್ಕನ್ನು ಡಿಗ್ರಿಯಲ್ಲಿ, ದೂರವನ್ನು ಪೋಲ್‌ನಲ್ಲಿ ಕೊಡುತ್ತಿದ್ದರು. ಒಂದು ಪೋಲ್ ಹದಿನಾರೂವರೆ ಅಡಿ. ನಾಲ್ಕು ಪೋಲ್ ಸೇರಿದರೆ 66 ಅಡಿಯ ಸರ್ವೆ ಸರಪಳಿ. 160 ಚದರ ಪೋಲ್ ಒಂದು ಎಕರೆ. ಈ ಗಡಿಯನ್ನು ಕಾಗದದ ಮೇಲೆ ಎಳೆದು ನೋಡಬೇಕು. ಕೊನೆಯ ಗೆರೆ ಮೊದಲ ಬಿಂದುವಿಗೆ ಬಂದು ಕೂಡದಿದ್ದರೆ ನಕಲಿನಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಇಲ್ಲವೇ ಉತ್ತರ ದಕ್ಷಿಣ ತಿರುಗಿಹೋಗಿದೆ. ಪಕ್ಕದ ಜಮೀನುಗಳನ್ನೂ ಹೀಗೇ ಎಳೆದು ಜೋಡಿಸಿದರೆ ನೆರೆಯವರು ಯಾರೆಂದು ತಿಳಿಯುತ್ತದೆ. ಆ ಕಾಲದಲ್ಲಿ ನೆರೆಯವರೆಂದರೆ ಎಷ್ಟೋ ಸಲ ಬೀಗರು, ದಾಯಾದಿಗಳು, ಹಿಂದಿನ ಊರಿನಿಂದ ಜತೆಗೆ ಬಂದವರು.

ಈ ಕ್ರಮದಲ್ಲಿ ಒಬ್ಬರ ಗಡಿ ಇನ್ನೊಬ್ಬರ ಗಡಿಯ ಮೇಲೆ ಬೀಳುವುದು ಮಾಮೂಲು. ಥಾಮಸ್ ಕೆಂಟಕಿ ಬಿಡಲು ಹಕ್ಕುಪತ್ರದ ಈ ತಕರಾರುಗಳೇ ಮುಖ್ಯ ಕಾರಣ. ಇಂಡಿಯಾನಾದಲ್ಲಿ ಹಾಗಿರಲಿಲ್ಲ. ಡೆಲವೇರ್ ಮತ್ತು ಪಿಯಾಂಕಶಾ ಎಂಬ ಮೂಲನಿವಾಸಿ ಜನರಿಂದ 1804ರ ಒಪ್ಪಂದಗಳ ಮೂಲಕ ಕಿತ್ತುಕೊಂಡ ಆ ನೆಲವನ್ನು ಕೇಂದ್ರ ಸರ್ಕಾರ ಚೌಕಾಕಾರವಾಗಿ ಅಳೆಸಿತ್ತು. ಆರು ಮೈಲಿ ಉದ್ದ ಆರು ಮೈಲಿ ಅಗಲದ ಒಂದು ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. 1817ರ ಅಕ್ಟೋಬರ್ 15ರಂದು ಥಾಮಸ್ ವಿನ್ಸೆನ್ಸ್ ಭೂ ಕಚೇರಿಯಲ್ಲಿ ಒಂದು ಸೆಕ್ಷನ್ನಿನ ನೈಋತ್ಯ ಕಾಲುಭಾಗವನ್ನು, ಅಂದರೆ 160 ಎಕರೆಯನ್ನು, ಎಕರೆಗೆ 2 ಡಾಲರಿನಂತೆ ಬರೆಸಿಕೊಂಡ. ಒಟ್ಟು 320 ಡಾಲರಿನಲ್ಲಿ ಮೊದಲು 16, ಆಮೇಲೆ 64 ಕಟ್ಟಿದ. ಉಳಿದ ಕಂತು ಕಟ್ಟಲಾಗದೆ 1827ರಲ್ಲಿ ಅರ್ಧ ನೆಲ ಬಿಟ್ಟುಕೊಟ್ಟು 80 ಎಕರೆಗೆ ಹಕ್ಕುಪತ್ರ ಪಡೆದ. ಹಕ್ಕುಪತ್ರದ ತಾರೀಖನ್ನು ಬಂದ ತಾರೀಖು ಎಂದು ಬರೆದುಕೊಂಡರೆ ಹತ್ತು ವರ್ಷಕ್ಕಿಂತ ಹೆಚ್ಚು ತಪ್ಪುತ್ತದೆ. ಅರ್ಜಿ, ಕಂತು, ಹಕ್ಕುಪತ್ರ ಮೂರಕ್ಕೂ ಬೇರೆ ಬೇರೆ ತಾರೀಖುಗಳಿವೆ.

ನಿಮ್ಮ ವಲಸಿಗ 1862ರ ನಂತರ ಬಂದವನಾದರೆ ಹೋಮ್‌ಸ್ಟೆಡ್ ಕಡತ ಹುಡುಕಿ. ಅದೇ ವರ್ಷ ಮೇ 20ರಂದು ಥಾಮಸ್‌ನ ಮಗನೇ ಸಹಿ ಹಾಕಿದ ಕಾಯಿದೆ: ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದವರಿಗೆ ಸರ್ಕಾರದ 160 ಎಕರೆ ನೆಲ. ಕಡತದಲ್ಲಿ ಮನೆಯ ಅಳತೆ, ಉತ್ತ ಎಕರೆ, ಸಂಸಾರದಲ್ಲಿ ಎಷ್ಟು ಜನ, ಇಬ್ಬರು ನೆರೆಯವರ ಸಾಕ್ಷಿ ಇರುತ್ತವೆ. ಹೊರದೇಶದಲ್ಲಿ ಹುಟ್ಟಿದವನಾದರೆ ಪೌರತ್ವದ ಕಾಗದವೂ ಅದರಲ್ಲೇ ಇರಬೇಕು, ಏಕೆಂದರೆ ಪ್ರಜೆಯಾಗದೆ ಕೊನೆಯ ಹಕ್ಕುಪತ್ರ ಕೊಡುತ್ತಿರಲಿಲ್ಲ. 1906ಕ್ಕಿಂತ ಮೊದಲು ಪೌರತ್ವವನ್ನು ಯಾವ ಕೋರ್ಟಿನಲ್ಲಿ ಬೇಕಾದರೂ ಪಡೆಯಬಹುದಿತ್ತು. ಅದು ಯಾವ ಕೋರ್ಟು ಎಂದು ಹೇಳುವ ಕಾಗದ ಎಷ್ಟೋ ಸಲ ಈ ಕಡತವೊಂದೇ. ಹಕ್ಕುಪತ್ರದ ಪ್ರತಿ ಭೂ ನಿರ್ವಹಣಾ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಅದು ಒಂದೇ ಹಾಳೆ. ಪೂರ್ತಿ ಕಡತ ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಲ್ಲಿರುತ್ತದೆ, ಕೆಲವು ರಾಜ್ಯಗಳದ್ದು ಮಾತ್ರ ಆನ್‌ಲೈನ್ ಆಗಿದೆ. ಹಕ್ಕುಪತ್ರ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸುವುದು ದೊಡ್ಡ ನಷ್ಟ. ಕೌಂಟಿ ಪುಸ್ತಕಗಳ ಚಿತ್ರಗಳಿಗೆ ಫ್ಯಾಮಿಲಿಸರ್ಚ್ ಎಂಬ ಜಾಲತಾಣ ಇದೆ. ಖಾತೆ ತೆರೆದರೆ ಬೆಂಗಳೂರಿನಲ್ಲಿ ಕೂತೂ ಬಹಳಷ್ಟನ್ನು ನೋಡಬಹುದು. ಕೆಲವು ಪುಸ್ತಕಗಳು ಮಾತ್ರ ಅವರ ಕೇಂದ್ರಗಳಲ್ಲಷ್ಟೇ ತೆರೆಯುತ್ತವೆ.

ಥಾಮಸ್‌ನಿಂದ ಒಂದು ಮೆಟ್ಟಿಲು ಹಿಂದಕ್ಕೆ ಹೋಗೋಣ. ಅವನಪ್ಪ ಕ್ಯಾಪ್ಟನ್ ಅಬ್ರಹಾಂ 1780ರಲ್ಲಿ ಕೆಂಟಕಿಯ 400 ಎಕರೆಗೆ ಪಡೆದ ಆದೇಶಪತ್ರದಲ್ಲಿ ಹೆಸರು ‘ಲಿಂಕ್‌ಹಾರ್ನ್’ ಎಂದಿದೆ. ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದ. ಸೂಚಿಯಲ್ಲಿ ಸರಿಯಾದ ಕಾಗುಣಿತ ಒಂದನ್ನೇ ಹುಡುಕುವವರಿಗೆ ಈ ಕಾಗದ ಸಿಗುವುದಿಲ್ಲ. ಉಚ್ಚಾರಣೆ ಹತ್ತಿರವಿರುವ ಎಂಟು ಹತ್ತು ರೂಪಗಳನ್ನು ಮೊದಲೇ ಪಟ್ಟಿಮಾಡಿಕೊಳ್ಳಬೇಕು. ಅದೇ ವರ್ಷ ವರ್ಜೀನಿಯದ 250 ಎಕರೆ ಮಾರಿದ ಪತ್ರದಲ್ಲಿ ಬೆಲೆ 5,000 ಪೌಂಡ್. ಶ್ರೀಮಂತನಿರಬೇಕು ಎಂದುಕೊಳ್ಳಬೇಡಿ. ಸ್ವಾತಂತ್ರ್ಯ ಯುದ್ಧಕಾಲದ ಕಾಗದದ ಹಣಕ್ಕೆ ಬೆಲೆಯೇ ಇರಲಿಲ್ಲ. ಈ ಮಾರಾಟದಲ್ಲಿ ಹೆಂಡತಿ ಬಾತ್‌ಶೀಬಾಳ ಒಪ್ಪಿಗೆಯೂ ಇದೆ. ಗಂಡನ ನೆಲದಲ್ಲಿ ಹೆಂಡತಿಗೆ ಜೀವನಾಂಶದ ಹಕ್ಕಿದ್ದದ್ದರಿಂದ ಅವಳನ್ನು ಬೇರೆಯಾಗಿ ಕೇಳಿ ಬರೆದುಕೊಳ್ಳುತ್ತಿದ್ದರು. ಆ ಕಾಲದ ಎಷ್ಟೋ ಹೆಂಗಸರ ಹೆಸರು ಉಳಿದಿರುವುದು ಈ ಒಪ್ಪಿಗೆಗಳಲ್ಲಿ ಮಾತ್ರ.

ಕ್ಯಾಪ್ಟನ್ ಸತ್ತದ್ದು ಮೊಮ್ಮಗ ಬರೆದಂತೆ 1784ರ ಸುಮಾರಿಗಲ್ಲ, 1786ರ ಮೇ ತಿಂಗಳಲ್ಲಿ. ಎರಡು ವರ್ಷದ ಈ ವ್ಯತ್ಯಾಸ ಸಣ್ಣದಲ್ಲ. ಕೆಂಟಕಿ ಆಗ ವರ್ಜೀನಿಯದ್ದೇ ಭಾಗ, ಹಿರಿಯ ಮಗನಿಗೇ ನೆಲವೆಲ್ಲ ಸೇರಬೇಕೆಂಬ ವರ್ಜೀನಿಯದ ಹಳೆಯ ಕಾನೂನು 1787ರ ಆರಂಭದವರೆಗೆ ಜಾರಿಯಲ್ಲಿತ್ತು. ಕೆಲವು ತಿಂಗಳು ತಡೆದಿದ್ದರೆ ಥಾಮಸ್‌ಗೂ ಪಾಲಿತ್ತು. ಹಾಗಾಗಲಿಲ್ಲ, ನೆಲ ಅಣ್ಣ ಮಾರ್ಡಕೈಗೆ ಹೋಯಿತು. ಅಪ್ಪನ ನೆಲದ ಕಾಗದಗಳಲ್ಲಿ ಕಿರಿಯ ಮಕ್ಕಳ ಹೆಸರಿಲ್ಲವೆಂದು ಅವರು ಮಕ್ಕಳೇ ಅಲ್ಲ ಎಂದು ತೀರ್ಮಾನಿಸುವ ಮೊದಲು ಆ ವರ್ಷದ ವಾರಸು ಕಾನೂನು ಏನಿತ್ತೆಂದು ನೋಡಬೇಕು. ಇನ್ನೊಂದು ಸಂಗತಿ: ಅವನು ಸತ್ತದ್ದು ಜೆಫರ್ಸನ್ ಕೌಂಟಿಯಲ್ಲಿ, ಚರಾಸ್ತಿಯ ಪಟ್ಟಿ ಇರುವುದು ನೆಲ್ಸನ್ ಕೌಂಟಿಯಲ್ಲಿ.

ವರ್ಜೀನಿಯದಲ್ಲಿ ತೊಡಕು ಬೆಂಕಿಯದು. ರಾಕಿಂಗ್‌ಹ್ಯಾಮ್ ಕೌಂಟಿಯ ಪುಸ್ತಕಗಳನ್ನು 1864ರ ಜೂನ್‌ನಲ್ಲಿ ಅಂತರ್ಯುದ್ಧದ ನಡುವೆ ಬಂಡಿಯಲ್ಲಿ ತುಂಬಿ ಸಾಗಿಸುವಾಗ ಉತ್ತರದ ಸೈನ್ಯದವರು ಬೆಂಕಿಯಿಟ್ಟರು. ಬಹಳಷ್ಟು ಸುಟ್ಟುಹೋಯಿತು, ಉಳಿದದ್ದರ ಅಂಚುಗಳೂ ಕರಕಲು. ಹೀಗಾದ ಕಡೆ ಮೊದಲು ತಾಯಿ ಕೌಂಟಿಗೆ ಹೋಗಬೇಕು. ರಾಕಿಂಗ್‌ಹ್ಯಾಮ್ ಬೇರೆಯಾದದ್ದು 1778ರಲ್ಲಿ, ಅದಕ್ಕೂ ಹಿಂದಿನದು ಆಗಸ್ಟಾ ಕೌಂಟಿಯಲ್ಲಿ ಸುರಕ್ಷಿತವಾಗಿದೆ. ಕ್ಯಾಪ್ಟನ್‌ನ ಅಪ್ಪ ಜಾನ್ 1768ರಲ್ಲಿ ಪೆನ್ಸಿಲ್ವೇನಿಯದಿಂದ ಬಂದು ಲಿನ್‌ವಿಲ್ ಹಳ್ಳದ ದಂಡೆಯಲ್ಲಿ ನೆಲೆಸಿ, 1773ರಲ್ಲಿ ಮಗನಿಗೆ 210 ಎಕರೆ ಕೊಟ್ಟ. ಇದಲ್ಲದೆ ರಾಜ್ಯದ ಭೂ ಕಚೇರಿಯ ಪ್ರತಿಗಳು, ಬೆಂಕಿಯ ನಂತರ ಜನ ಮತ್ತೆ ತಂದು ದಾಖಲಿಸಿದ ಪತ್ರಗಳು, ಆಸ್ತಿ ವ್ಯಾಜ್ಯದ ಕಡತಗಳೂ ಇರುತ್ತವೆ.

ಪೆನ್ಸಿಲ್ವೇನಿಯದಲ್ಲಿ ಲಿಂಕನ್ ಮನೆಯವರ ಬಾಯಿಮಾತು ಬರ್ಕ್ಸ್ ಕೌಂಟಿ ಎನ್ನುತ್ತಿತ್ತು. ಜಾಗ ಸರಿ. ಆದರೆ ಬರ್ಕ್ಸ್ ಹುಟ್ಟಿದ್ದು 1752ರಲ್ಲಿ. ಜಾನ್‌ನ ಅಪ್ಪ ಮಾರ್ಡಕೈ ಸತ್ತದ್ದು 1736ರಲ್ಲಿ, ಆಗ ಅದು ಫಿಲಡೆಲ್ಫಿಯ ಕೌಂಟಿ, ಉಯಿಲೂ ಅಲ್ಲಿಯದೇ. ಕ್ವೇಕರ್ ಎಂಬ ಮಾತಿಗೂ ಅರ್ಧ ಆಧಾರವಿದೆ: ಜಾನ್‌ನ ಮಲತಮ್ಮ ಅಬ್ರಹಾಂ ಮದುವೆಯಾದ ಆನ್ ಬೂನ್ ಕ್ವೇಕರ್ ಮನೆತನದವಳು. ಪಕ್ಕದ ಕವಲಿನ ಸಂಗತಿಯನ್ನು ನೇರ ಪೂರ್ವಜರಿಗೆ ಹಚ್ಚುವುದು ಇಂಥ ಬಾಯಿಮಾತುಗಳಲ್ಲಿ ಬಹಳ ಸಾಮಾನ್ಯ.

ಲಿಂಕನ್‌ಗೆ ಸಿಗದೇ ಹೋದ ಕೊಂಡಿ ಈ ಉಯಿಲಿನಲ್ಲಿದೆ. ಮಾರ್ಡಕೈ ಹಿರಿಯ ಮಗ ಜಾನ್‌ಗೆ ಬಿಟ್ಟದ್ದು ನ್ಯೂಜೆರ್ಸಿಯ 300 ಎಕರೆ. ಪೆನ್ಸಿಲ್ವೇನಿಯದವನಿಗೆ ನ್ಯೂಜೆರ್ಸಿಯಲ್ಲಿ ನೆಲ ಹೇಗೆ ಬಂತು? ಜಾನ್ ಅದನ್ನು 1748ರಲ್ಲಿ ಮಾರಿದ. ಆ ಪತ್ರ ಹಿಡಿದು ಹಿಂದಕ್ಕೆ ಹೋದರೆ ನೆಲ ಮಾರ್ಡಕೈಗೆ ರಿಚರ್ಡ್ ಸಾಲ್ಟರ್‌ನಿಂದ ಬಂದದ್ದು ಕಾಣುತ್ತದೆ. ಸಾಲ್ಟರ್ ಮನೆತನದ ಹ್ಯಾನಾ ಮಾರ್ಡಕೈನ ಹೆಂಡತಿ. ನ್ಯೂಜೆರ್ಸಿಯ ಮನ್‌ಮತ್ ಕೌಂಟಿಯಲ್ಲಿ 1720ರ ಮೇ ತಿಂಗಳ ಒಂದು ಸಮಾಧಿ ಕಲ್ಲಿದೆ: ಡೆಬೊರಾ ಲಿಂಕನ್, ಮೂರು ವರ್ಷ ನಾಲ್ಕು ತಿಂಗಳ ಮಗು. ಹಿಂಗಮ್ ಕಡೆಯಿಂದ ಹೊರಟವರಿಗೆ ಮಾರ್ಡಕೈ ಮ್ಯಾಸಚೂಸೆಟ್ಸ್‌ನಲ್ಲಿ ಮಾಯ, ಪೆನ್ಸಿಲ್ವೇನಿಯ ಕಡೆಯಿಂದ ಹೊರಟವರಿಗೆ ಅವನು ಎಲ್ಲಿಂದಲೋ ಪ್ರತ್ಯಕ್ಷ. ನಡುವಿನ ನಿಲ್ದಾಣ ನ್ಯೂಜೆರ್ಸಿ ಎಂದು ತಿಳಿದ ಮೇಲೆ ಎರಡೂ ತುದಿ ಕೂಡಿದವು. ಮ್ಯಾಸಚೂಸೆಟ್ಸ್‌ನ ಸಿಚುಯೇಟ್‌ನಲ್ಲಿ 1727ರಲ್ಲಿ ಸತ್ತ ಹಿರಿಯ ಮಾರ್ಡಕೈ ಲಿಂಕನ್ ತನ್ನ ಉಯಿಲಿನಲ್ಲಿ ಮಾರ್ಡಕೈ, ಅಬ್ರಹಾಂ ಎಂಬಿಬ್ಬರು ಮಕ್ಕಳಿಗೆ ಹಣ ಬಿಟ್ಟಿದ್ದಾನೆ. ದೂರ ಹೋದ ಮಕ್ಕಳಿಗೆ ನೆಲದ ಬದಲು ಹಣ ಕೊಡುವುದು ವಾಡಿಕೆ. ಕಸುಬೂ ಕೂಡುತ್ತದೆ: ಅಪ್ಪ ಕಬ್ಬಿಣದ ಕುಲುಮೆಯವನು, ಪೆನ್ಸಿಲ್ವೇನಿಯಕ್ಕೆ ಹೋದ ಮಗ ಅಲ್ಲಿಯ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಮೂರನೇ ಒಂದು ಪಾಲುದಾರ. ಹೆಸರು, ಅಣ್ಣತಮ್ಮಂದಿರ ಜೋಡಿ, ಕಸುಬು, ನೆಲ, ಕಾಲ ಐದೂ ಹೊಂದಿದ ಮೇಲೆ ಸಂಶಯಕ್ಕೆ ಎಡೆ ಉಳಿಯಲಿಲ್ಲ.

ತಾರೀಖಿನ ಬಗ್ಗೆ ಒಂದು ಎಚ್ಚರಿಕೆ. 1752ಕ್ಕೆ ಮೊದಲು ಇಂಗ್ಲಿಷ್ ವಸಾಹತುಗಳಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಮಾರ್ಡಕೈನ ಉಯಿಲು ಬರೆದದ್ದು ಫೆಬ್ರವರಿ 1735/36, ಅಂದರೆ ಹಳೆಯ ಲೆಕ್ಕಕ್ಕೆ 1735, ಈಗಿನ ಲೆಕ್ಕಕ್ಕೆ 1736. ಎರಡು ವರ್ಷವನ್ನೂ ಹಾಗೇ ಬರೆದುಕೊಳ್ಳಿ. ಒಂದನ್ನು ಬಿಟ್ಟರೆ ಅಪ್ಪ ಸತ್ತು ಎರಡು ವರ್ಷಕ್ಕೆ ಮಗು ಹುಟ್ಟಿದಂಥ ಅಸಂಗತಗಳು ಬರುತ್ತವೆ.

ವಂಶವಾಹಿ ಪರೀಕ್ಷೆ ಇಂಥ ಕಡೆ ಎಷ್ಟು ಸಹಾಯ ಮಾಡುತ್ತದೆಂದು ಕೇಳುವವರಿದ್ದಾರೆ. ವೈ ವರ್ಣತಂತು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಅಧ್ಯಕ್ಷನ ಗಂಡು ಸಂತತಿ 1926ರಲ್ಲಿ ಮಗ ರಾಬರ್ಟ್‌ನೊಂದಿಗೆ ಮುಗಿಯಿತು, ರಾಬರ್ಟ್‌ನ ಮಗಳ ಕಡೆಯ ಕೊನೆಯ ಕುಡಿಯೂ 1985ರಲ್ಲಿ ಹೋಯಿತು. ಆದ್ದರಿಂದ ಪರೀಕ್ಷೆ ಪಕ್ಕದ ಕವಲುಗಳ ಗಂಡಸರಲ್ಲೇ ಆಗಬೇಕು. ಅದರಿಂದ ಒಂದೇ ಮನೆತನ ಎಂದು ಹೇಳಬಹುದು. ಯಾರು ಯಾರ ಮಗ ಎಂದು ಹೇಳುವುದು ಕಾಗದವೇ.

ಇನ್ನುಳಿದದ್ದು ಸಮುದ್ರ ದಾಟುವ ಹೆಜ್ಜೆ. ಹಿರಿಯ ಮಾರ್ಡಕೈನ ಅಪ್ಪ ಸ್ಯಾಮ್ಯುಯೆಲ್ 1637ರಲ್ಲಿ ನೇಕಾರ ಫ್ರಾನ್ಸಿಸ್ ಲಾಸ್‌ನ ಕೈಯಾಳಾಗಿ ಇಂಗ್ಲೆಂಡಿನ ಯಾರ್ಮತ್ ಬಂದರಿನಿಂದ ಹೊರಟ. ಹಡಗಿನ ಪಟ್ಟಿಯಲ್ಲಿ ವಯಸ್ಸು 18. ನಾರ್ಫೋಕ್‌ನ ಹಿಂಗಮ್ (ಇದು ಇಂಗ್ಲೆಂಡಿನ ಹಿಂಗಮ್) ಚರ್ಚಿನ ಪುಸ್ತಕದಲ್ಲಿ ಅವನ ದೀಕ್ಷಾಸ್ನಾನ 1622ರ ಆಗಸ್ಟ್ 24ಕ್ಕೆ; ಅದರಂತೆ 1637ರಲ್ಲಿ ಹದಿನೈದೂ ತುಂಬಿರಬಾರದು. ಪುಸ್ತಕದಲ್ಲಿರುವುದು ದೀಕ್ಷೆಯ ದಿನ, ಹುಟ್ಟಿದ ದಿನವಲ್ಲ. ಮೂರು ವರ್ಷ ತಡವಾಗಿ ದೀಕ್ಷೆ ಕೊಟ್ಟಿರಬಹುದು, ಹಡಗಿನಲ್ಲಿ ವಯಸ್ಸು ಏರಿಸಿ ಹೇಳಿರಬಹುದು. ಎರಡನ್ನೂ ದಾಖಲಿಸಿ, ಸರಾಸರಿ ತೆಗೆಯಲು ಹೋಗಬೇಡಿ. ಅವನು ಏಕೆ ಹೊರಟನೆಂಬುದಕ್ಕೆ ಸುಳಿವು ಅಜ್ಜ ರಿಚರ್ಡ್ ಲಿಂಕನ್‌ನ ಉಯಿಲಿನಲ್ಲಿದೆ. 1620ರಲ್ಲಿ ಸತ್ತ ರಿಚರ್ಡ್ ಆಸ್ತಿಯನ್ನು ಕೊನೆಯ ಹೆಂಡತಿಯ ಮಕ್ಕಳ ಕಡೆ ತಿರುಗಿಸಿದ. ಮೊದಲ ಹೆಂಡತಿಯ ಮಗ ಎಡ್ವರ್ಡ್‌ನಿಗೆ, ಅಂದರೆ ಸ್ಯಾಮ್ಯುಯೆಲ್‌ನ ಅಪ್ಪನಿಗೆ, ನೆಲ ತಪ್ಪಿತು. ಅವನ ಮಕ್ಕಳು ಮಗ್ಗ ಹಿಡಿದರು, ಮೂವರು ಹಡಗು ಹತ್ತಿದರು.